ಮಾಯುವಿಕೆಯೇ ಮುಳುವಾದಾಗ

ಗಾಯ ಮಾಯುವುದು ಶುಭಸೂಚನೆಯೆಂದೇ ನಮ್ಮೆಲ್ಲರ ನಂಬಿಕೆ. ಹೃದಯದ ರಕ್ತನಾಳದೊಳಗೆ ಮಾತ್ರ ಇದು ತಲೆಕೆಳಗಾಗುವುದುಂಟು. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದ ವೈದ್ಯ ಆಂಡ್ರಿಯಾಸ್ ಗ್ರುಂಟ್ಸಿಗ್, ಕೊಬ್ಬು ಕಟ್ಟಿದ ನಾಳದೊಳಗೆ ಪುಟ್ಟ ಬೆಲೂನೊಂದನ್ನು ಉಬ್ಬಿಸಿ, ಎದೆ ಸೀಳದೆಯೇ ರಕ್ತಕ್ಕೆ ದಾರಿ ಬಿಡಿಸಿದರು. ಆದರೆ ಈ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂವರಿಗೊಬ್ಬರಂತೆ, ಆರು ತಿಂಗಳೊಳಗೇ ಆ ದಾರಿ ಮತ್ತೆ ಕಿರಿದಾಗುತ್ತಿತ್ತು.

ಹಳೆಯ ಕೊಬ್ಬು ಮರಳಿತೆಂದು ರೋಗಿ ತನ್ನ ನಾಲಗೆಯ ಚಾಪಲ್ಯವನ್ನು ಹಳಿದುಕೊಂಡಾನು. ಪಾಪ, ಇಲ್ಲಿ ಅಪರಾಧಿ ಬೇರೆ! ಬೆಲೂನು ಉಬ್ಬಿದಾಗ ನಾಳದ ನವುರಾದ ಒಳಪೊರೆ ಹರಿಯುತ್ತದೆ. ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸಿ ಉರಿಯೂತವನ್ನೆಬ್ಬಿಸುತ್ತವೆ. ಅವು ಸೂಸುವ ರಾಸಾಯನಿಕಗಳ ಕರೆಗೆ ಓಗೊಟ್ಟು ಗೋಡೆಯ ಸ್ನಾಯುಕೋಶಗಳು ಒಳಕ್ಕೆ ಸರಿದು, ಸಂತತಿ ಬೆಳೆಸಿ, ದಾರಿಯನ್ನೇ ಒತ್ತರಿಸುತ್ತವೆ. 1986ರಲ್ಲಿ ಬಂದ ಲೋಹದ ಬಲೆ, ಸ್ಟೆಂಟ್, ಗೋಡೆಗೆ ಆಸರೆಯಾಯಿತೇ ಹೊರತು ಉರಿಯೂತವನ್ನು ಆರಿಸಲಿಲ್ಲ.

ಉಪಾಯ ದೊರೆತದ್ದು ದೂರದ ಮಣ್ಣಿನಲ್ಲಿ. 1960ರ ದಶಕದಲ್ಲಿ ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯೊಂದು, ದ್ವೀಪದ ಹೆಸರನ್ನೇ ಹೊತ್ತ ರಾಪಾಮೈಸಿನ್ ಔಷಧವನ್ನು ಕೊಟ್ಟಿತು. 1999ರಿಂದ ಅದನ್ನು ಸ್ಟೆಂಟಿಗೆ ಲೇಪಿಸತೊಡಗಿದ ಮೇಲೆ ಕೋಶಗಳ ಈ ಅತ್ಯುತ್ಸಾಹ ತಗ್ಗಿ, ನಾಳ ಮತ್ತೆ ಕಿರಿದಾಗುವುದು ಬಹಳ ಮಟ್ಟಿಗೆ ಇಳಿಯಿತು. ಅದಕ್ಕೆ ತೆರುವ ಬೆಲೆಯೂ ಉಂಟು: ಒಳಪೊರೆ ಕೂಡಿಕೊಳ್ಳುವುದೂ ತಡವಾಗುತ್ತದೆ. ಆದುದರಿಂದಲೇ ಎದೆನೋವು ನಿಂತು ತಿಂಗಳುಗಳಾದರೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ವೈದ್ಯರು ಬಿಡಗೊಡುವುದಿಲ್ಲ.