ಸಾಲು ತಪ್ಪಿಸಿ ಓದುವ ಯಂತ್ರ

‘ಸರ’ವನ್ನು ತಿರುಗಿಸಿದರೆ ‘ರಸ’. ಅಕ್ಷರಗಳು ಅವೇ, ಸಂಖ್ಯೆಯೂ ಅಷ್ಟೇ. ಆದರೆ ಒಂದು ಕೊರಳಿಗೆ, ಇನ್ನೊಂದು ನಾಲಿಗೆಗೆ. ಓದುವಾಗ ಈ ಕ್ರಮವನ್ನೇ ಕೈಬಿಟ್ಟರೆ ಕಳೆದುಹೋಗುವುದೇನು? ಗಳಿಕೆಯೂ ಉಂಟೇ? ಗಣಕ ವಿಜ್ಞಾನಿಗಳು ಇದನ್ನು ಗಣಿತದ ಪ್ರಶ್ನೆಯಾಗಿಯೇ ಕೇಳಿದ್ದಾರೆ.

ಅವರು ಹೇಳುವ ‘ಆಟೊಮ್ಯಾಟನ್’ ಕಬ್ಬಿಣದ ಯಂತ್ರವಲ್ಲ, ಕಾಗದದ ಮೇಲಿನ ಕಲ್ಪನೆ. ಅದಕ್ಕೆ ಬೆರಳೆಣಿಕೆಯ ಸ್ಥಿತಿಗಳುಂಟು, ಬೇರೆ ನೆನಪಿಲ್ಲ. ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಓದುತ್ತ, ಸ್ಥಿತಿ ಬದಲಿಸುತ್ತ ಹೋಗಿ, ಕೊನೆಗೆ ಆ ಸಾಲನ್ನು ಒಪ್ಪುತ್ತದೆ ಇಲ್ಲವೇ ತಳ್ಳುತ್ತದೆ. ಒಪ್ಪಿದ ಸಾಲುಗಳ ಗುಂಪೇ ಅದರ ‘ಭಾಷೆ’. ಹಿಂದೆ ಮುಂದೆ ಓಡಾಡಲು ಬಿಟ್ಟರೆ ಇದರ ಜಾಣತನ ಹೆಚ್ಚೀತೇ? ಇಲ್ಲವೆಂದು 1959ರಲ್ಲಿ ಮೈಕೆಲ್ ರಾಬಿನ್, ಡೇನಾ ಸ್ಕಾಟ್ ಮತ್ತು ಬ್ರಿಟನ್ನಿನ ಜಾನ್ ಷೆಫರ್ಡ್‌ಸನ್ ತೋರಿಸಿಕೊಟ್ಟರು. ಕಣ್ಣು ಹಿಂದಕ್ಕೆ ಹೊರಳಿದ ಮಾತ್ರಕ್ಕೆ ನೆನಪು ಬೆಳೆಯುವುದಿಲ್ಲ.

2012ರಲ್ಲಿ ಝೆಕ್ ದೇಶದ ಅಲೆಕ್ಸಾಂಡರ್ ಮೆದುನಾ ಮತ್ತು ಪೆಟರ್ ಝೆಮೆಕ್ ಇನ್ನೂ ದೂರ ಹೋದರು. ಅವರ ಜಿಗಿಯುವ ಯಂತ್ರ ಸಾಲಿನ ಎಲ್ಲಿಂದಲಾದರೂ ಒಂದು ಅಕ್ಷರ ಓದಿ, ಅದನ್ನು ಅಳಿಸಿ, ಬೇಕಾದಲ್ಲಿಗೆ ನೆಗೆಯುತ್ತದೆ. ಯಾವುದಾದರೊಂದು ಬಗೆಯ ನೆಗೆತದಲ್ಲಿ ಎಲ್ಲ ಅಕ್ಷರ ಮುಗಿದು ಸರಿಯಾದ ಸ್ಥಿತಿಯಲ್ಲಿ ನಿಂತರೆ ಆಯಿತು, ಸಾಲು ಒಪ್ಪಿತ.

ಒಂದು ‘ಸ’, ಒಂದು ‘ರ’, ಮತ್ತೊಂದು ‘ಸ’, ಮತ್ತೊಂದು ‘ರ’ ಎಂದು ಹೆಕ್ಕಲು ಎರಡೇ ಸ್ಥಿತಿ ಸಾಕು. ಸಾವಿರಾರು ‘ಸ’, ‘ರ’ಗಳನ್ನು ಹೇಗೆ ಚೆಲ್ಲಿದರೂ ಅವು ಸಮನಾಗಿವೆಯೇ ಎಂದು ಈ ಯಂತ್ರ ಹೇಳಬಲ್ಲದು. ಎಣಿಕೆ ಬಾರದ ಹುಡುಗನೂ ಮದುವೆಮನೆಯಲ್ಲಿ ಎಲೆಗೊಂದು ಲೋಟ ಇಡುತ್ತ ಹೋಗಿ ಲೆಕ್ಕ ಸರಿಯೇ ಎಂದು ತಿಳಿಯುತ್ತಾನಲ್ಲ, ಹಾಗೆ. ಸಾಲು ಹಿಡಿದು ಓದುವ ಯಂತ್ರಕ್ಕೆ ಇದು ಆಗದ ಕೆಲಸ. ‘ಸ’ಗಳು ಎಷ್ಟು ಹೆಚ್ಚಾದವೆಂಬುದನ್ನು ಅದು ನೆನಪಿಡಬೇಕು, ಸಾಲು ಬೆಳೆದಂತೆ ಸ್ಥಿತಿಗಳು ಸಾಲವು.

ಇದಕ್ಕೆ ತೆತ್ತ ಬೆಲೆ ಮಾತ್ರ ಸಣ್ಣದಲ್ಲ. ‘ಸ’ಗಳೆಲ್ಲ ಮೊದಲು, ‘ರ’ಗಳೆಲ್ಲ ಆಮೇಲೆ ಎಂಬ ನಿಯಮ ಹಳೆಯ ಯಂತ್ರಕ್ಕೆ ಮಕ್ಕಳಾಟ. ಜಿಗಿಯುವ ಯಂತ್ರಕ್ಕೆ ಅದು ಎಂದಿಗೂ ಸಾಧ್ಯವಿಲ್ಲ. ‘ಸರ’ವನ್ನು ಒಪ್ಪಿದರೆ ‘ರಸ’ವನ್ನೂ ಒಪ್ಪಲೇಬೇಕು.

ಕ್ರಮ ಮರೆತು ಎಣಿಕೆಯನ್ನಷ್ಟೇ ನೋಡುವ ಈ ದೃಷ್ಟಿ ಹೊಸದೇನಲ್ಲ. ಗುಜರಾತಿನ ಪಾಲನ್‌ಪುರದಲ್ಲಿ ಹುಟ್ಟಿದ ರೋಹಿತ್ ಪಾರಿಖ್ 1961ರಲ್ಲಿಯೇ ಅಕ್ಷರಗಳ ಲೆಕ್ಕದ ಮೇಲೆ ಒಂದು ಪ್ರಸಿದ್ಧ ಪ್ರಮೇಯವನ್ನು ಸಾಧಿಸಿದ್ದರು. ಜಿಗಿಯುವ ಯಂತ್ರದ ಭಾಷೆಗಳನ್ನು ಅಳೆಯಲು ಅದೇ ಇಂದಿಗೂ ಒಳ್ಳೆಯ ಅಳತೆಗೋಲು.

2016ರಲ್ಲಿ ಜಪಾನಿನ ಚಿಗಹರಾ, ಯಮಮುರಾ ಮತ್ತು ಅವರೊಡನೆ ಫಜೆಕಶ್ ನೆಗೆತಕ್ಕೆ ಕಡಿವಾಣ ಹಾಕಿದರು. ಅವರ ಯಂತ್ರ ಬಲಕ್ಕೇ ಸಾಗಬೇಕು. ಸದ್ಯಕ್ಕೆ ಓದಲಾಗದ ಅಕ್ಷರವನ್ನಷ್ಟೇ ದಾಟಬಹುದು. ಕೊನೆ ಮುಟ್ಟಿದರೆ ಉಳಿದವಕ್ಕಾಗಿ ಮತ್ತೆ ಮೊದಲಿಗೆ ಬರಬೇಕು. ಇದು ‘ಸ’, ‘ರ’ಗಳ ಸಮ ಲೆಕ್ಕವನ್ನೂ ಹಿಡಿಯುತ್ತದೆ, ಬೇಕೆಂದಾಗ ‘ಸರ’ವನ್ನು ಒಪ್ಪಿ ‘ರಸ’ವನ್ನು ತಳ್ಳಲೂ ಬಲ್ಲದು.