ಲೋಕಪಾವನಿಯ ಹೂಳು, ಉದ್ದ ಬೂಮಿನ ಹಳೆಯ ಹಿಟಾಚಿ

ನಾಗಮಂಗಲದ ಕಡೆಯಿಂದ ಹೊರಟು ಪಾಂಡವಪುರ ತಾಲ್ಲೂಕನ್ನು ಹಾದು ಬರುವ ಲೋಕಪಾವನಿ, ಕರಿಘಟ್ಟದ ಬುಡ ಮುಟ್ಟಿ ಕಾವೇರಿಯನ್ನು ಸೇರುತ್ತದೆ. ನಾಲೆ ಬಯಲಿನ ಇಂಥ ಹಳ್ಳಹೊಳೆಗಳಿಗೆ ಭತ್ತ, ಕಬ್ಬಿನ ಗದ್ದೆಗಳ ಬಸಿನೀರು ಇಳಿಯುತ್ತದೆ. ಅದರ ಜೊತೆಗೆ ಮಣ್ಣೂ ಬರುತ್ತದೆ, ಗೊಬ್ಬರದ ಸಾರಜನಕ, ರಂಜಕಗಳೂ ಬರುತ್ತವೆ. ಮಣ್ಣು ಹೂಳಾಗಿ ಕೂರುತ್ತದೆ, ಗೊಬ್ಬರ ಅಂತರಗಂಗೆಗೆ ಆಹಾರವಾಗುತ್ತದೆ. ಅನುಕೂಲ ಸಿಕ್ಕರೆ ಎರಡು ವಾರದ ಆಸುಪಾಸಿನಲ್ಲಿ ದುಪ್ಪಟ್ಟಾಗುವ ಗಿಡ ಅದು. ಇಂಥ ಕಡೆ ನೀರಿಗಿಳಿಯದೆ ದಡದಲ್ಲೇ ನಿಂತು ಎತ್ತಬಲ್ಲ ಯಂತ್ರವೆಂದರೆ ಲಾಂಗ್ ಬೂಮ್ ಹಿಟಾಚಿ. ಯಾವ ಕಂಪನಿಯದಾದರೂ ನಮ್ಮವರ ಬಾಯಲ್ಲಿ ಅದು ಹಿಟಾಚಿಯೇ. ಹೊಸದು ದುಬಾರಿ, ಹಾಗಾಗಿ ಗುತ್ತಿಗೆದಾರರು ಹಳೆಯದನ್ನು ಹುಡುಕುತ್ತಾರೆ.

ಹುಡುಕುವ ಮುಂಚೆ ಕೇಳಿಕೊಳ್ಳಬೇಕಾದ್ದು, ಅಷ್ಟು ಉದ್ದ ಬೇಕೇ ಎಂದು. ಕೆ.ಆರ್. ಪೇಟೆ, ನಾಗಮಂಗಲದ ಮಳೆಯಾಶ್ರಿತ ಕೆರೆ ಬೇಸಿಗೆಯಲ್ಲಿ ಒಣಗಿದರೆ ಸಾಮಾನ್ಯ ಯಂತ್ರವೇ ಅಂಗಳಕ್ಕಿಳಿದು ಟ್ರ್ಯಾಕ್ಟರಿಗೆ ಗೋಡು ತುಂಬಬಲ್ಲದು. ನೀರು ನಿಲ್ಲಿಸಿದ ನಾಲೆಯಲ್ಲೂ ಅಷ್ಟೇ. ಉದ್ದ ಬೂಮು ಬೇಕಾಗುವುದು ನೀರು ಬತ್ತದ ಹೊಳೆಗೆ, ಬಸಿಗಾಲುವೆಗೆ, ಕಂದಕಕ್ಕೆ.

ಇಪ್ಪತ್ತು ಟನ್ ವರ್ಗದ ಸಾಮಾನ್ಯ ಯಂತ್ರ ಸುಮಾರು 10 ಮೀಟರ್ ದೂರಕ್ಕೆ ಚಾಚುತ್ತದೆ, ಉದ್ದ ಬೂಮಿನದು 15 ಮೀಟರಿಗೂ ಹೆಚ್ಚು. ಆದರೆ ಅದರ ಬಕೆಟ್ಟು ಅರ್ಧದಷ್ಟೇ, ಅರ್ಧ ಘನ ಮೀಟರಿಗಿಂತ ಕಡಿಮೆ. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ಮೈಲಿಗಟ್ಟಲೆ ನಡೆಯುವವರೂ ಅದನ್ನೇ ಕೈಚಾಚಿ ಹಿಡಿಯಬೇಕೆಂದರೆ ಕ್ಷಣದಲ್ಲಿ ಸೋಲುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಭಾರವಷ್ಟೇ ಅಲ್ಲ, ಭಾರ ಮತ್ತು ದೂರದ ಗುಣಲಬ್ಧ. ಒದ್ದೆ ಹೂಳು ಘನ ಮೀಟರಿಗೆ ಒಂದೂಮುಕ್ಕಾಲು ಟನ್ನಿನ ಹತ್ತಿರ ತೂಗುತ್ತದೆ. ಸಣ್ಣ ಬಕೆಟ್ಟು ತುಂಬಿದಾಗ ಎಲ್ಲ ಸೇರಿ ಒಂದು ಟನ್ನಿನ ಆಚೀಚೆ ಎಂದಿಟ್ಟುಕೊಂಡರೆ, 15 ಮೀಟರ್ ದೂರದಲ್ಲಿ ಅದು ಬುಡಕ್ಕೆ 15 ಟನ್-ಮೀಟರ್ ತಿರುಚುಬಲವಾಗುತ್ತದೆ. ಬೂಮಿನ ಸ್ವಂತ ಭಾರ ಬೇರೆ. ಹೆಚ್ಚು ಮಣ್ಣೆತ್ತುವ ಆಸೆಗೆ ದೊಡ್ಡ ಬಕೆಟ್ಟು ಕಟ್ಟಿದರೆ ಈ ಬಲ ದುಪ್ಪಟ್ಟಾಗುತ್ತದೆ. ಮಾರಾಟಕ್ಕಿಟ್ಟ ಯಂತ್ರದಲ್ಲಿ ಅಂಥ ಬಕೆಟ್ಟು ಕಂಡರೆ, ಅದು ಅತಿಭಾರ ಹೊತ್ತು ದಣಿದಿದೆ ಎನ್ನಲು ನನ್ನ ಮಟ್ಟಿಗೆ ಬೇರೆ ಸಾಕ್ಷಿ ಬೇಡ. ಅಂತರಗಂಗೆಯ ಕೆಲಸವೇ ಹೆಚ್ಚಿದ್ದರೆ ಜಾಲರಿ ಬಕೆಟ್ಟು ನೋಡಿ. ಗಿಡದಲ್ಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರಿರುವಾಗ ಹೊರಗಿನ ನೀರನ್ನೂ ಹೊತ್ತು ತರುವುದು ದಂಡ.

ಭಾರದಂತೆ ಸವೆತವೂ ಉದ್ದದ ಜೊತೆ ಬೆಳೆಯುತ್ತದೆ. ಬೂಮಿನ ಬುಡದ ಪಿನ್ನು-ಬುಷ್ಷಿನ ನಡುವೆ, ಅರ್ಧ ಮೀಟರ್ ಅಗಲದಲ್ಲಿ, ಒಂದೇ ಮಿಲಿಮೀಟರ್ ಸಡಿಲವಿದೆ ಎನ್ನೋಣ. 15 ಮೀಟರ್ ಆಚೆಯ ತುದಿಯಲ್ಲಿ ಅದು 30 ಮಿಲಿಮೀಟರ್ ಓಲಾಟ. ಎರಡನೆಯ ತೋಳಿನ ಕೀಲಿನ ಸಡಿಲ, ಯಂತ್ರದ ಮೇಲ್ಭಾಗ ತಿರುಗುವ ಸ್ವಿಂಗ್ ಬೇರಿಂಗಿನ ಸಡಿಲ ಇದಕ್ಕೆ ಕೂಡಿಕೊಳ್ಳುತ್ತವೆ. ಹೀಗೆ ಓಲಾಡುವ ತೋಳು ಪ್ರತಿ ತಿರುಗಿನಲ್ಲೂ ತನ್ನ ಕೀಲುಗಳನ್ನೇ ಗುದ್ದುತ್ತ ಹೋಗುತ್ತದೆ. ಅದರಲ್ಲೂ ನೀರಲ್ಲಿ ಮುಳುಗೇಳುವ ಬಕೆಟ್ಟಿನ ಪಿನ್ನುಗಳಿಗೆ ಕಷ್ಟ ಹೆಚ್ಚು. ಗ್ರೀಸು ತೊಳೆದುಹೋಗಿ ಆ ಜಾಗಕ್ಕೆ ಮರಳು ಸೇರುತ್ತದೆ. ಬಕೆಟ್ಟನ್ನು ನೆಲಕ್ಕೆ ಊರಿ, ಬೂಮನ್ನು ನಿಧಾನವಾಗಿ ಒತ್ತಿ ಬಿಡುವಂತೆ ಆಪರೇಟರಿಗೆ ಹೇಳಿ, ಒಂದೊಂದೇ ಕೀಲಿನ ಮೇಲೆ ಕಣ್ಣಿಡಿ. ಸ್ವಿಂಗ್ ಬೇರಿಂಗು ಸವೆದಿದ್ದರೆ ಮೇಲಿನ ಇಡೀ ಕ್ಯಾಬಿನ್ನು ಚೈನಿನ ಚೌಕಟ್ಟಿನಿಂದ ಎದ್ದು ಕೂರುವುದು ಕಾಣುತ್ತದೆ. ಅದನ್ನು ಬದಲಿಸಲು ಮೇಲ್ಭಾಗವನ್ನೇ ಕಳಚಬೇಕು.

ಯಂತ್ರ ದುಡಿದ ಗಂಟೆ ತೋರಿಸುವ ಅವರ್ ಮೀಟರನ್ನು ತಿದ್ದಬಹುದು, ಲೋಹದ ದಣಿವನ್ನು ತಿದ್ದಲಾಗದು. ಗಂಟೆಗೆ ನೂರು ಬಕೆಟ್ ಎಂದರೂ ಹತ್ತು ಸಾವಿರ ಗಂಟೆಗೆ ಹತ್ತು ಲಕ್ಷ ಸಲ ಬೂಮು ಬಾಗಿ ನೆಟ್ಟಗಾಗಿರುತ್ತದೆ. ಅಂಟು ಹೂಳಿನಿಂದ ಕೀಳುವಾಗ ಬಕೆಟ್ಟಿನ ಅಡಿ ನಿರ್ವಾತ ಹುಟ್ಟಿ ಎಳೆತ ಇನ್ನೂ ಹೆಚ್ಚುತ್ತದೆ. ಒಂದು ಸಲಕ್ಕೆ ಏನೂ ಮಾಡದ ಭಾರ ಲಕ್ಷಾಂತರ ಸಲ ಬಿದ್ದಾಗ ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ತೆರೆಯುತ್ತದೆ. ಹೊಸ ಬಣ್ಣ ಅದನ್ನು ಮುಚ್ಚುತ್ತದೆ. ಸಂಶಯ ಬಂದ ಕಡೆ ಬಣ್ಣ ಕೆರೆಸಿ, ಕೆಂಪು ದ್ರಾವಣ ಹಚ್ಚಿ ಒರೆಸಿ, ಬಿಳಿ ಪುಡಿ ಸಿಂಪಡಿಸಿ. ಬಿರುಕಿನೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ವೆಲ್ಡಿಂಗ್ ಬಲ್ಲವರಿಂದ ಇದನ್ನು ಸ್ಥಳದಲ್ಲೇ ಮಾಡಿಸಬಹುದು. ಬೂಮು ಕಂಪನಿಯದೋ, ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದೋ, ಅದಕ್ಕೆ ತಕ್ಕ ಕೌಂಟರ್‌ವೇಟ್ ಇದೆಯೋ ಎಂಬುದನ್ನೂ ಕೇಳಿ. ಮೂಲ ಗಿಡ್ಡ ಬೂಮೂ ಜೊತೆಗೆ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹೈಡ್ರಾಲಿಕ್ ಪರೀಕ್ಷೆಯನ್ನು ತಣ್ಣಗಿನ ಯಂತ್ರದಲ್ಲಿ ಒಪ್ಪಬೇಡಿ. ಬಿಸಿಯಾದಂತೆ ಆಯಿಲ್ ತೆಳುವಾಗುತ್ತದೆ, ತಣ್ಣಗಿದ್ದಾಗ ಅಡಗಿದ್ದ ಒಳಸೋರಿಕೆ ಆಗ ಬಯಲಾಗುತ್ತದೆ. ಒಂದು ಗಂಟೆ ಹೂಳಲ್ಲೇ ಕೆಲಸ ಮಾಡಿಸಿ, ಬೂಮು ಚಾಚಿ ನಿಲ್ಲಿಸಿ, ಸಿಲಿಂಡರಿನ ರಾಡಿಗೆ ಗುರುತು ಹಾಕಿ, ಹತ್ತು ನಿಮಿಷ ಬಿಟ್ಟು ಎಷ್ಟು ಇಳಿದಿದೆ ನೋಡಿ. ಆಗ ಬೂಮಿನ ಕೆಳಗೆ ಯಾರೂ ನಿಲ್ಲಕೂಡದು. ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಬಿಡಿಭಾಗ ಹತ್ತಿರದಲ್ಲಿ ಸಿಗುವ ಮಾದರಿಯೇ ಕ್ಷೇಮ. ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆ.ಜಿ.ಎಫ್.ನಲ್ಲಿ ಬಿ.ಇ.ಎಂ.ಎಲ್. ಕಾರ್ಖಾನೆಗಳಿರುವಾಗ ಅಪರೂಪದ ವಿದೇಶಿ ಯಂತ್ರದ ಹಿಂದೆ ಹೋಗಲು ಗಟ್ಟಿ ಕಾರಣ ಬೇಕು.

ಯಂತ್ರ ಚೆನ್ನಾಗಿದ್ದರೂ ನಿಲ್ಲುವ ನೆಲ ಚೆನ್ನಾಗಿರಬೇಕು. 22 ಟನ್ ಭಾರ ಎರಡು ಚೈನುಗಳ ಮೇಲೆ ಹರಡಿದಾಗ ಚದರ ಸೆಂಟಿಮೀಟರಿಗೆ ಬೀಳುವುದು ಅರ್ಧ ಕಿಲೋ ಅಷ್ಟೇ. ಆದರೆ ತೋಳು ಅಡ್ಡಕ್ಕೆ ಚಾಚಿದೊಡನೆ ಭಾರವೆಲ್ಲ ನೀರಿನ ಬದಿಯ ಚೈನಿಗೆ ವಾಲುತ್ತದೆ. ಒದ್ದೆ ದಡ ಕುಸಿಯುವುದು ಆಗಲೇ. ಚೈನು ನೀರಿನ ಕಡೆ ಮುಖಮಾಡಿ ನಿಂತರೆ ಆಸರೆಯೂ ಉದ್ದ, ಹಿಂದಕ್ಕೆ ಸರಿಯಲೂ ಸುಲಭ. ಕೆರೆ ಏರಿಯ ಒಳಪಾದವನ್ನಂತೂ ಕೆದಕಬಾರದು. ಅಲ್ಲಿನ ಹೂಳು ತಳವನ್ನು ಮುಚ್ಚಿ ನೀರು ಜಿನುಗದಂತೆ ತಡೆದಿರುತ್ತದೆ. ಅದನ್ನು ದಾಟಿ ಬಕೆಟ್ಟು ಗರಸು ಮುಟ್ಟಿದರೆ, ತುಂಬಿದ ಕೆರೆಯ ನೀರು ಏರಿಯ ಅಡಿಯಿಂದಲೇ ಹೊರಗೆ ದಾರಿ ಹುಡುಕುತ್ತದೆ.