ವಿದ್ಯಾರ್ಥಿಗಳೇ ನಡೆಸುವ ಸಂಶೋಧನಾ ಪತ್ರಿಕೆ

ವೈವಾ ಮುಗಿದರೆ ವಿದ್ಯಾರ್ಥಿಯ ಪ್ರಬಂಧದ ಆಯುಸ್ಸೂ ಮುಗಿದಂತೆ. ತಿಂಗಳುಗಟ್ಟಲೆ ಪ್ರಯೋಗ ನಡೆಸಿ, ಲೆಕ್ಕ ಹಾಕಿ ಬರೆದದ್ದು ಬೈಂಡ್ ಆಗಿ ವಿಭಾಗದ ಬೀರು ಸೇರುತ್ತದೆ. ಯುರೋಪಿನ ಮನೋವಿಜ್ಞಾನ ವಿದ್ಯಾರ್ಥಿಗಳು ಇಂಥ ಬರಹಗಳಿಗೆ ತಾವೇ ಒಂದು ಜಾಗ ಮಾಡಿಕೊಟ್ಟರು. 1987ರಲ್ಲಿ ಹುಟ್ಟಿದ ಅವರ ಒಕ್ಕೂಟ 2009ರಲ್ಲಿ ‘ಜರ್ನಲ್ ಆಫ್ ಯುರೋಪಿಯನ್ ಸೈಕಾಲಜಿ ಸ್ಟೂಡೆಂಟ್ಸ್’ ಎಂಬ ಆನ್‌ಲೈನ್ ಪತ್ರಿಕೆ ಆರಂಭಿಸಿತು. ಎಲ್ಲರ ಬಾಯಲ್ಲೂ ಅದು ‘ಜೆಪ್ಸ್’. ಪದವಿ, ಸ್ನಾತಕೋತ್ತರ ಹಂತದ ಸಂಶೋಧನೆಯನ್ನು ಪ್ರಕಟಿಸುವ ಈ ಪತ್ರಿಕೆಯ ಸಂಪಾದಕರೂ ವಿದ್ಯಾರ್ಥಿಗಳೇ. ಹಾಗೆಂದು ರಿಯಾಯಿತಿ ಏನಿಲ್ಲ. ಬರೆದವರು ಯಾರೆಂದು ಪರಿಶೀಲಕರಿಗೆ ಗೊತ್ತಿರುವುದಿಲ್ಲ, ಪರಿಶೀಲಿಸಿದವರು ಯಾರೆಂದು ಬರೆದವರಿಗೂ ತಿಳಿಯುವುದಿಲ್ಲ.

ನನಗೆ ಜೆಪ್ಸ್ ಮುಖ್ಯವಾಗಿ ಕಾಣುವುದು ಬೇರೆ ಕಾರಣಕ್ಕೆ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ವರದಿ ಮನೋವಿಜ್ಞಾನವನ್ನೇ ಅಲುಗಾಡಿಸಿತು. ಹೆಸರಾಂತ ಪತ್ರಿಕೆಗಳ 100 ಅಧ್ಯಯನಗಳನ್ನು ಸಂಶೋಧಕರು ಮತ್ತೆ ಮಾಡಿ ನೋಡಿದ್ದರು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳಲ್ಲಿ ಗಣನೀಯ ಫಲಿತಾಂಶವಿತ್ತು. ಮರುಪ್ರಯೋಗದಲ್ಲಿ ಅದು ಶೇ 36ಕ್ಕೆ ಇಳಿಯಿತು. ‘ಏನೂ ಪರಿಣಾಮ ಕಾಣಲಿಲ್ಲ’ ಎನ್ನುವ ಲೇಖನವನ್ನು ಪತ್ರಿಕೆಗಳು ಅಚ್ಚು ಹಾಕಲು ಹಿಂಜರಿಯುವುದು ಇದಕ್ಕೆ ಒಂದು ದೊಡ್ಡ ಕಾರಣ.

ಇದಕ್ಕೆ ಮದ್ದಾಗಿ ‘ಕಾರ್ಟೆಕ್ಸ್’ ಎಂಬ ಪತ್ರಿಕೆ 2013ರಲ್ಲಿ ‘ರಿಜಿಸ್ಟರ್ಡ್ ರಿಪೋರ್ಟ್’ ಪದ್ಧತಿ ತಂದಿತ್ತು. ವಿದ್ಯಾರ್ಥಿಗಳ ಜೆಪ್ಸ್ ಕೂಡ ಅದನ್ನು ಬೇಗನೆ ಕೈಗೆತ್ತಿಕೊಂಡಿತು. ಸಂಗೀತ ಕೇಳುತ್ತಾ ಓದಿದರೆ ನೆನಪು ಹೆಚ್ಚುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿನಿ ಪರೀಕ್ಷಿಸಬೇಕೆಂದಿದ್ದಾಳೆ ಎನ್ನೋಣ. ತನ್ನ ಊಹೆ ಏನು, ಎಷ್ಟು ಜನರನ್ನು ಪರೀಕ್ಷಿಸುತ್ತೇನೆ, ಯಾವ ಸಂಖ್ಯಾಶಾಸ್ತ್ರದ ವಿಧಾನ ಬಳಸುತ್ತೇನೆ ಎಂಬುದನ್ನು ಅವಳು ಮೊದಲೇ ಬರೆದು ಕಳಿಸುತ್ತಾಳೆ. ಪರಿಶೀಲಕರು ತಿದ್ದುತ್ತಾರೆ. ಯೋಜನೆ ಗಟ್ಟಿಯಾಗಿದ್ದರೆ ಪ್ರಕಟಣೆಗೆ ತಾತ್ವಿಕ ಒಪ್ಪಿಗೆ ಆಗಲೇ ಸಿಗುತ್ತದೆ. ದತ್ತಾಂಶ ಸಂಗ್ರಹ ಆಮೇಲೆ. ಒಪ್ಪಿದ ಯೋಜನೆಯಂತೆ ಕೆಲಸ ನಡೆದರೆ ಸಾಕು, ಸಂಗೀತದಿಂದ ಲಾಭವಿಲ್ಲವೆಂದು ತೇಲಿದರೂ ಲೇಖನ ಅಚ್ಚಾಗುತ್ತದೆ.

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಐವತ್ತು ಜನ ಸಾಲದು, ಇನ್ನೂ ಬೇಕಿತ್ತು ಎಂದು ವೈವಾದಲ್ಲಿ ಹೇಳಿಸಿಕೊಂಡು ಏನು ಪ್ರಯೋಜನ? ತಿದ್ದಲು ಇನ್ನೂ ಅವಕಾಶ ಇರುವಾಗಲೇ ತಪ್ಪು ಗೊತ್ತಾಗಬೇಕು. ತೊಡಕೂ ಇದೆ. ಪರಿಶೀಲನೆಗೆ ತಿಂಗಳುಗಳು ಬೇಕು, ಕೋರ್ಸಿನ ವರ್ಷವೋ ಬಲು ಬೇಗ ಮುಗಿದುಹೋಗುತ್ತದೆ.

ಜೆಪ್ಸ್‌ನ ಲೇಖನಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಈ ವರ್ಷ ಪ್ರಾಜೆಕ್ಟ್ ಮಾಡಬೇಕಾದ ಮನೋವಿಜ್ಞಾನದ ವಿದ್ಯಾರ್ಥಿಗಳು, ಪ್ರಶ್ನಾವಳಿ ಹಂಚಲು ಹೊರಡುವ ಮುನ್ನ, ತಮ್ಮ ವಯಸ್ಸಿನವರೇ ಬರೆದ ಒಂದೆರಡು ಲೇಖನಗಳನ್ನಾದರೂ ಓದಿ.